ಗುರುವಾರದ ಡಿಫ್ರ್ಯಾಗ್ ಭೇಟಿಗಳನ್ನು ಮುಂದುವರಿಸುವ ಕುರಿತು

ಇಂದ,
ಅರ್ಸೆನಿಯೊ ಮೊಂತೆಯಗುದೊ,
ಮೀನು ಡಬ್ಬಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ನಿವೃತ್ತ ತಂತ್ರಜ್ಞ,
ಹಾಲಿ ಉದ್ಯೋಗ: ಮನೆ ಜಗುಲಿಯಲ್ಲಿ ಹಳೇ ಕಂಪ್ಯೂಟರುಗಳ ರಿಪೇರಿ,
ಬಂದರು ಬೀದಿ, ಕೈಬಾರಿಯೆನ್, ಕ್ಯೂಬಾ.

ಗೆ,
ಮಾನ್ಯ ಒನೆಲಿಯಾ ಕರ್ರಸಾನಾ ಅವರು,
ಮುಖ್ಯಾಧಿಕಾರಿಗಳು, ಜನನ, ಮರಣ ಮತ್ತು ವಿವಾಹ ನೋಂದಣಿ ಕಚೇರಿ.
(ಕಚೇರಿಯ ವಿಳಾಸಕ್ಕಲ್ಲ, ಮನೆಯ ವಿಳಾಸಕ್ಕೆ. ಕಚೇರಿಗೆ ಕಳಿಸಿದರೆ ತಾವು ಓದುವ ಮೊದಲೇ ಇಡೀ ಊರು ಓದಿರುತ್ತದೆ.)

ವಿಷಯ: ತಮ್ಮ ಮನೆಯ ಕಂಪ್ಯೂಟರಿಗೆ ಹೊಸ ಡಿಸ್ಕ್ ಅಳವಡಿಸಿದ ಕಾರಣ ತಂತಾನೇ ರದ್ದಾಗಿರುವ ನನ್ನ ಗುರುವಾರದ ಭೇಟಿಗಳನ್ನು ಮುಂದುವರಿಸಲು ಅನುಮತಿ ಕೋರಿ.

ಉಲ್ಲೇಖ: 1. ಕಳೆದ ಗುರುವಾರ ಸಂಜೆ ತಮ್ಮ ಹೊಸ್ತಿಲಲ್ಲಿ ನಿಂತು ತಾವು ನೀಡಿದ ಮೌಖಿಕ ಆದೇಶ.
2. ಅದೇ ದಿನ ತಮ್ಮ ತಾಯಿ ಫೆಲಿಪಾ ಅಮ್ಮನವರು ತಮಗೆ ತಿಳಿಯದಂತೆ ನನ್ನ ಮುಂದೆ ನೀಡಿದ ಹೇಳಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನನಗೆ ಅರ್ಜಿ ಬರೆದು ರೂಢಿಯಿಲ್ಲ. ಕಾರ್ಖಾನೆಯಲ್ಲಿ ಬಾಯಲ್ಲಿ ಹೇಳಿದರೆ ಕೆಲಸ ಆಗುತ್ತಿತ್ತು, ಇಲ್ಲವೇ ಆಗುತ್ತಿರಲಿಲ್ಲ. ಎರಡಕ್ಕೂ ಕಾಗದ ಬೇಕಿರಲಿಲ್ಲ. ಆದರೆ ತಾವು ಎಂಥವರೆಂದು ಈ ಊರಿಗೇ ಗೊತ್ತು. ತಮ್ಮ ಸ್ವಂತ ಸೋದರಮಾವ ತೀರಿಕೊಂಡಾಗ ಅವರ ಮಗ ಅಳುತ್ತಾ ತಂದ ಅರ್ಜಿಯನ್ನು "ಎಡಗಡೆ ಅಂಚು ಬಿಟ್ಟಿಲ್ಲ" ಎಂದು ವಾಪಸ್ ಕೊಟ್ಟವರು ತಾವು. ಆ ಕಾರಣದಿಂದ ಎಡಗಡೆ ಎರಡು ಬೆರಳು ಅಂಚು ಬಿಟ್ಟಿದ್ದೇನೆ. ಅರ್ಜಿಶುಲ್ಕದ ಮುದ್ರೆಚೀಟಿಯನ್ನು ಬಲಮೂಲೆಯಲ್ಲಿ ಅಂಟಿಸಿದ್ದೇನೆ. ನೀಲಿ ಶಾಯಿಯಲ್ಲೇ ಬರೆಯುತ್ತಿದ್ದೇನೆ. ಇನ್ನೂ ಏನಾದರೂ ಕೊರತೆ ಕಂಡರೆ ದಯವಿಟ್ಟು ಹಿಂದಿರುಗಿಸಬೇಡಿ, ಕರೆದು ಬೈಯಿರಿ. ಬರುತ್ತೇನೆ.

1. ಅರ್ಜಿದಾರನ ಪೂರ್ವಾಪರವನ್ನು ತಮಗೆ ಹೊಸದಾಗಿ ತಿಳಿಸಬೇಕಾದ್ದಿಲ್ಲ. ಸದರಿಯವನ ಎರಡು ಮದುವೆಗಳೂ ಎರಡು ವಿಚ್ಛೇದನಗಳೂ ತಮ್ಮ ಕಚೇರಿಯ ಪುಸ್ತಕದಲ್ಲಿ ತಮ್ಮದೇ ಮುದ್ದಾದ ಅಕ್ಷರದಲ್ಲಿ ದಾಖಲಾಗಿವೆ. ಕೊನೆಯದನ್ನು ಬರೆಯುವಾಗ ತಾವು ಕನ್ನಡಕದ ಮೇಲಿಂದ ನೋಡಿ, "ಮುಂದಿನ ಪುಟ ಖಾಲಿ ಬಿಡ್ಲಾ?" ಎಂದು ಕೇಳಿದ್ದಿರಿ. ನಾನು ಎರಡೂ ಕೈ ಎತ್ತಿ, "ಅಯ್ಯೋ ಬೇಡಿ, ಈ ಜನ್ಮಕ್ಕೆ ಇಷ್ಟು ಸಾಕು" ಎಂದಿದ್ದೆ. ಆ ಹೇಳಿಕೆಯನ್ನು ಈ ಮೂಲಕ ಹಿಂಪಡೆಯಲಾಗಿದೆ.

2. ಸದರಿ ಕಂಪ್ಯೂಟರ್ ತಮ್ಮ ಊಟದ ಕೋಣೆಯ ಮೂಲೆಯಲ್ಲಿ, ಫೆಲಿಪಾ ಅಮ್ಮ ಹೆಣೆದ ನೂಲಿನ ಹೊದಿಕೆ ಹೊದ್ದು ಕೂತಿರುವ, ಹಳದಿಗೆ ತಿರುಗಿದ ಡಬ್ಬ. ಬೆಳಿಗ್ಗೆ ಗುಂಡಿ ಒತ್ತಿದರೆ, ಅಮ್ಮ ಕಾಫಿ ಸೋಸಿ, ಕುಡಿದು, ಲೋಟ ತೊಳೆದಿಟ್ಟರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. ನನ್ನನ್ನು ಮೊದಲ ಸಲ ಕರೆಸಿದಾಗ ತಾವು ಹೇಳಿದ್ದು ನನಗೆ ಮಾತು ಮಾತೂ ನೆನಪಿದೆ:

"ಅರ್ಸೆನಿಯೊ ಅವರೇ, ಇದು ಬದುಕಿದೆಯೋ ಸತ್ತಿದೆಯೋ ಅಷ್ಟು ನೋಡಿ ಹೇಳಿ. ಸತ್ತಿದ್ರೆ ಮರಣಪತ್ರ ನಾನೇ ಬರ್ಕೊಡ್ತೀನಿ."

ಸತ್ತಿರಲಿಲ್ಲ. ಡಿಸ್ಕಿನಲ್ಲಿ ಕಡತಗಳೆಲ್ಲ ಚೂರುಚೂರಾಗಿ ಚೆಲ್ಲಾಪಿಲ್ಲಿಯಾಗಿದ್ದವು, ಅಷ್ಟೇ. ನಾನು ಮನೆಮಾತಿನಲ್ಲೇ ವಿವರಿಸಿದೆ. "ಇದೊಂದು ಬೀರು ಅಂದ್ಕೊಳ್ಳಿ. ದೊಡ್ಡದೊಂದು ಕಡತ ಇಡೋಕೆ ಹೋದಾಗ ಒಂದೇ ಕಡೆ ಜಾಗ ಸಿಗಲ್ಲ. ಆಗ ಇದು ಅದನ್ನ ತುಂಡು ಮಾಡಿ ಇಲ್ಲೊಂದು, ಅಲ್ಲೊಂದು ತುರುಕಿಬಿಡುತ್ತೆ. ಆಮೇಲೆ ಬೇಕಂದಾಗ ಬೀರು ಪೂರ್ತಿ ತಡಕಾಡುತ್ತೆ. ಆ ತುಂಡುಗಳನ್ನೆಲ್ಲ ಹುಡುಕಿ ಒಂದೇ ಕಡೆ ಸಾಲಾಗಿ ಜೋಡಿಸೋದಕ್ಕೆ ಡಿಫ್ರ್ಯಾಗ್ ಅಂತಾರೆ."

"ತುಂಡು ಆಗೋದು ಯಾಕೆ?" ಎಂದಿರಿ.

"ಮಧ್ಯಮಧ್ಯ ಅಳಿಸೋದ್ರಿಂದ. ಈಗ ನೋಡಿ, ಒಂದು ಧಾರಾವಾಹಿ ಪೂರ್ತಿ ತುಂಬ್ತೀರಿ. ಒಂದು ಬಿಟ್ಟು ಒಂದು ಕಂತು ಅಳಿಸ್ತೀರಿ. ಆ ತೂತುಗಳಿಗೆ ಇನ್ನೊಂದು ಧಾರಾವಾಹಿ ತುಂಬ್ತೀರಿ. ಡಿಸ್ಕ್ ಚಿಂದಿ ಚಿತ್ರಾನ್ನ! ಹಾಗೆ ಮಾತ್ರ ಮಾಡ್ಬೇಡಿ."

ತಾವು ಇದನ್ನು ಬಹಳ ಗಮನವಿಟ್ಟು ಕೇಳಿದಿರಿ. ಇಂಥ ಶಿಷ್ಯೆ ಸಿಗುವುದು ಅಪರೂಪ ಎಂದು ನಾನು ಹಿಗ್ಗಿಹೋದೆ. ಬಳಿಕ ತಾವು, "ಎಷ್ಟು ದಿನಕ್ಕೊಂದ್ಸಲ ಮಾಡಿಸ್ಬೇಕು?" ಎಂದು ಕೇಳಿದಿರಿ. ತಮ್ಮಷ್ಟು ಕಡಿಮೆ ಬಳಸುವವರಿಗೆ ವರ್ಷಕ್ಕೊಮ್ಮೆ ಧಾರಾಳ ಸಾಕು. ಬುದ್ಧಿ ಅದನ್ನೇ ಹೇಳುತ್ತಿತ್ತು. ನಾಲಿಗೆ "ತಿಂಗಳಿಗೊಮ್ಮೆ, ಗುರುವಾರ" ಎಂದಿತು. ಡಿಫ್ರ್ಯಾಗಿಗೂ ಗುರುವಾರಕ್ಕೂ ಏನು ಸಂಬಂಧವೆಂದು ತಾವು ಕೇಳಲಿಲ್ಲ. ನನಗೂ ಇಂದಿಗೂ ಗೊತ್ತಿಲ್ಲ.

3. ತತ್ಪರಿಣಾಮವಾಗಿ ಪ್ರತಿ ತಿಂಗಳೂ ಒಂದು ಗುರುವಾರ, ಕೆಲವು ತಿಂಗಳು ಎರಡು, ತಮ್ಮ ಮನೆಗೆ ಬರುವುದಾಯಿತು. ತಾವು ಜಗುಲಿಯಿಂದ ಎರಡು ತೂಗುಕುರ್ಚಿ ಎಳೆದು ತಂದು ಪರದೆಯ ಮುಂದೆ ಹಾಕುತ್ತಿದ್ದಿರಿ. ಬೇರೆಯವರು ಟಿವಿ ನೋಡುವಂತೆ ನಾವು ಡಿಫ್ರ್ಯಾಗ್ ನೋಡಿದೆವು. ಕೆಂಪು ಗೆರೆ ಎಂದರೆ ಚೂರಾದ ಕಡತ, ನೀಲಿ ಎಂದರೆ ಒಂದಾಗಿ ಕೂತದ್ದು, ಬಿಳಿ ಎಂದರೆ ಖಾಲಿ ಜಾಗ. ಕೆಂಪು ನಿಧಾನಕ್ಕೆ ಕರಗಿ ನೀಲಿಯಾಗುವುದನ್ನು ನೋಡುತ್ತಾ, ಕಡಲೆ ಬೆರೆಸಿದ ರೇಷನ್ ಕಾಫಿ ಕುಡಿಯುತ್ತಾ, ಅಮ್ಮ ಕರಿದುಕೊಟ್ಟ ಬಾಳೆಕಾಯಿ ಬಿಲ್ಲೆ ತಿನ್ನುತ್ತಾ ಕೂತರೆ ಸಂಜೆ ಹೋದದ್ದೇ ತಿಳಿಯುತ್ತಿರಲಿಲ್ಲ.

"ಏನ್ ನೋಡ್ತೀರೋ ಇಬ್ರೂ!" ಎಂದು ಅಮ್ಮ ಅಡುಗೆಮನೆಯಿಂದ ಗೊಣಗುತ್ತಿದ್ದರು. "ಒಂದು ಹಾಡಿಲ್ಲ, ಕುಣಿತ ಇಲ್ಲ, ಬರೀ ಗೆರೆ!"

"ಸುಮ್ನಿರಮ್ಮಾ, ಕಥೆ ಈಗ ಬಿಗಿಯಾಗ್ತಿದೆ," ಎನ್ನುತ್ತಿದ್ದಿರಿ ತಾವು. ನನ್ನ ಕಡೆ ತಿರುಗಿ, "ಆ ಕೆಂಪು ಗೆರೆ ನೋಡಿ, ಎಲ್ಲೂ ನಿಲ್ತಾ ಇಲ್ಲ. ನಮ್ಮ ಎದುರುಮನೆ ತೆಯೋಫಿಲೊನ ಸಂಸಾರ ಥೇಟ್ ಹೀಗೇ. ಸರಿ, ಈ ಹಸಿರು ಯಾವುದು?"

"ಅವು ವ್ಯವಸ್ಥೆಯ ಕಡತಗಳು. ಯಾರು ಏನ್ ಮಾಡಿದ್ರೂ ಜಾಗ ಬಿಟ್ಟು ಕದಲಲ್ಲ."

"ಓ, ನಮ್ಮಮ್ಮ."

"ಕೇಳಿಸ್ತು!" ಎಂದರು ಅಮ್ಮ ಒಳಗಿನಿಂದ.

ಆಗ ತಾವು ನಕ್ಕಿರಿ. ಕಚೇರಿಯ ಕಿಟಕಿಯಲ್ಲಿ ತಮ್ಮ ಹಲ್ಲು ಕಂಡವರು ಈ ಊರಲ್ಲಿ ಯಾರೂ ಇಲ್ಲ. ಸದರಿ ನಗುವನ್ನು ನಾನು ಕಣ್ಣಾರೆ ಕಂಡಿದ್ದೇನೆಂದೂ, ಅದನ್ನು ಮತ್ತೆ ಕಾಣುವ ಆಸೆಗಾಗಿ ಮುಂದಿನ ಗುರುವಾರಗಳಲ್ಲಿ ಮನೆಯಲ್ಲೇ ಕೂತು ಹಾಸ್ಯದ ಮಾತುಗಳನ್ನು ಅಭ್ಯಾಸ ಮಾಡಿ ಬರುತ್ತಿದ್ದೆನೆಂದೂ ದಾಖಲೆಗಾಗಿ ಇಲ್ಲಿ ನಮೂದಿಸುತ್ತೇನೆ. ಅಭ್ಯಾಸ ಮಾಡಿದ ಯಾವುದಕ್ಕೂ ತಾವು ನಗಲಿಲ್ಲ.

4. ಈ ಮಧ್ಯೆ ಒಂದು ತಾಂತ್ರಿಕ ಸಮಸ್ಯೆ ತಲೆ ತಿನ್ನತೊಡಗಿತು. ನಾನು ನೀಲಿ ಮಾಡಿಟ್ಟು ಹೋದ ಡಿಸ್ಕ್ ಮುಂದಿನ ಗುರುವಾರ ಬಂದು ನೋಡಿದರೆ ಕೆಂಪೋ ಕೆಂಪು. ತಾವು ಅದರಲ್ಲಿ ಆಡುವುದು ಇಸ್ಪೀಟಿನ ಆಟ. ಅಮ್ಮ ನೋಡುವುದು ತುರ್ಕಿ ಧಾರಾವಾಹಿ. ಅಷ್ಟಕ್ಕೆ ಇಷ್ಟು ಚೂರು ಹೇಗೆ? ನಾನು ಮೊದಲು ವೈರಸ್ ಎಂದೆ. ಆಮೇಲೆ ಸೆಕೆ ಎಂದೆ. ಕೊನೆಗೆ ಕಡಲಿನ ಉಪ್ಪುಗಾಳಿ ಎಂದೂ ಹೇಳಿಬಿಟ್ಟೆ. ಉಪ್ಪುಗಾಳಿಗೂ ಕಡತಗಳಿಗೂ ಸಂಬಂಧವಿಲ್ಲವೆಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ತಾವು ಮಾತ್ರ ಗಂಭೀರವಾಗಿ, "ಇರ್ಬಹುದು, ಈ ವರ್ಷ ಗಾಳಿ ಜಾಸ್ತಿ" ಎಂದಿರಿ. ತಮಗೆ ತಂತ್ರಜ್ಞಾನದ ಗಂಧವಿಲ್ಲವೆಂದು ನಾನು ಭಾವಿಸಿದೆ.

5. ಹೀಗಿರುವಾಗ, ಸರಕು ಹಡಗಿನಲ್ಲಿ ಅಡುಗೆ ಕೆಲಸದಲ್ಲಿರುವ ತಮ್ಮ ಅಣ್ಣ ಎವೆಲಿಯೊ ಅವರು ರಜೆಗೆ ಬಂದರು. ಬಂದವರು ಸುಮ್ಮನೆ ಬರಬಾರದೇ? ಅಮ್ಮನಿಗೆ ಮಂಡಿನೋವಿನ ಮುಲಾಮು, ತಮಗೆ ಚಪ್ಪಲಿ, ಕಂಪ್ಯೂಟರಿಗೆ ಒಂದು ಹೊಸ ಡಿಸ್ಕ್ ತಂದರು. ಅಂಗೈಯಗಲದ, ಒಳಗೆ ತಿರುಗುವ ತಟ್ಟೆಯೇ ಇಲ್ಲದ, ಸದ್ದೇ ಮಾಡದ ಡಿಸ್ಕ್.

"ಇದು ಹಾಕಿದ್ರೆ ಡಿಫ್ರ್ಯಾಗು ಗಿಫ್ರ್ಯಾಗು ಏನೂ ಬೇಡ್ವಂತೆ!" ಎಂದು ಅವರು ಬೀದಿಗೆಲ್ಲ ಕೇಳುವಂತೆ ಹೇಳಿದರು. "ಪಾಪ, ಅರ್ಸೆನಿಯೊಗೆ ಪದೇ ಪದೇ ಬರೋ ತೊಂದ್ರೆ ತಪ್ತು!"

ತಮ್ಮ ಅಣ್ಣ ಒಳ್ಳೆಯವರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆ ದಿನ ಅವರ ಹಡಗು ಮತ್ತೆ ಯಾವಾಗ ಹೊರಡುತ್ತದೆಂದು ಬಂದರಿಗೆ ಹೋಗಿ ವಿಚಾರಿಸಿದ್ದು ನಿಜ.

6. ಹಳೆಯ ಡಿಸ್ಕಿನಲ್ಲಿರುವುದನ್ನು ಹೊಸದಕ್ಕೆ ಕ್ಲೋನ್ ಮಾಡಬೇಕೆಂದು ತೀರ್ಮಾನವಾಯಿತು. ತಾವು ಆದೇಶಿಸಿದಿರಿ: "ಯಥಾಪ್ರತಿ ಆಗ್ಬೇಕು. ಒಂದು ಚುಕ್ಕೆ ಆಚೀಚೆ ಆಗ್ಬಾರ್ದು." ಕ್ಲೋನ್ ಎಂದರೆ ನಿಖರವಾಗಿ ಅದೇ. ಮೊದಲ ತುದಿಯಿಂದ ಕೊನೆಯ ತುದಿಯವರೆಗೆ, ಒಳ್ಳೆಯದು ಕೆಟ್ಟದ್ದು ನೋಡದೆ, ಇದ್ದದ್ದನ್ನು ಇದ್ದಂತೆ ನಕಲು ಮಾಡುವುದು. ಒಂದೇ ಒಂದು ಅಪಾಯ: ಯಾವುದು ಮೂಲ, ಯಾವುದು ನಕಲಿನ ಜಾಗ ಎಂದು ಆರಿಸುವಾಗ ಅದಲುಬದಲಾದರೆ ಖಾಲಿ ಡಿಸ್ಕಿನ ಖಾಲಿತನವೆಲ್ಲ ಹಳೆಯದರ ಮೇಲೆ ನಕಲಾಗಿ ಎಲ್ಲವೂ ಮಂಗಮಾಯ. ಆ ಪರದೆಯ ಮುಂದೆ ನನ್ನ ಬೆರಳು ಸ್ವಲ್ಪ ಹೊತ್ತು ನಿಂತಿತು. ಹೊಸದೂ ಖಾಲಿ ಹಳೆಯದೂ ಖಾಲಿ ಎಂದಾದರೆ ಎಲ್ಲವನ್ನೂ ಮೊದಲಿನಿಂದ ಕಟ್ಟಲು ತಿಂಗಳುಗಟ್ಟಲೆ ಬರಬೇಕಾಗುತ್ತಿತ್ತು. ಆದರೆ ತೀರಿಕೊಂಡ ತಮ್ಮ ಸೋದರಮಾವನ ಹಳೆಯ ಫೋಟೊಗಳು ಅದರಲ್ಲಿದ್ದವು. ನಾನು ಅಂಥವನಲ್ಲ. ಸರಿಯಾದದ್ದನ್ನೇ ಒತ್ತಿದೆ.

ಒತ್ತಿ ಸ್ವಲ್ಪ ಹೊತ್ತಾಗಿತ್ತು, ಕರೆಂಟ್ ಹೋಯಿತು. ಅರ್ಧ ಕ್ಲೋನಿಗೆ ಬೆಲೆಯಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬೀದಿಯಲ್ಲಿ ತಮ್ಮ ಮನೆಯ ಬದಿಯವರೆಲ್ಲ ವಿದ್ಯುತ್ ಇಲಾಖೆಯ ವಂಶವನ್ನೆಲ್ಲ ನೆನೆದು ಬೈಯುತ್ತಿದ್ದರು. ಎದುರುಮನೆ ಜಗುಲಿಯಲ್ಲಿ ಡೊಮಿನೊ ಆಡುತ್ತಿದ್ದ ತೆಯೋಫಿಲೊ ಮಾತ್ರ ಕೂಗಿದ:

"ಏನೋ ಅರ್ಸೆನಿಯೊ, ಕರೆಂಟ್ ಹೋಯ್ತಾ? ನಿಂಗೆ ಲಾಟರಿ ಹೊಡೀತು ಬಿಡು! ನಾಳೆನೂ ಬರ್ಬಹುದು!"

"ಬಾಯ್ಮುಚ್ಕೊಂಡು ಆಡೋ," ಎಂದೆ.

ಅವನು ಹೇಳಿದ್ದು ಸತ್ಯವಾದ್ದರಿಂದ ಕೋಪ ಬಂತು. ಮರುದಿನವೂ ಬಂದೆ, ಕರೆಂಟ್ ಮತ್ತೆ ಹೋಯಿತು. ಅದರ ಮಾರನೆಯ ದಿನವೂ ಹಾಗೇ. ಇಡೀ ದೇಶದಲ್ಲಿ ಕರೆಂಟ್ ಹೋಗಲೆಂದು ಹರಕೆ ಹೊತ್ತವನು ನಾನೊಬ್ಬನೇ ಇರಬೇಕು. ಕತ್ತಲಾದ ಊಟದ ಕೋಣೆಯಲ್ಲಿ ತಾವು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಾ, ಬೀಸಣಿಗೆಯನ್ನು ಒಮ್ಮೊಮ್ಮೆ ನನ್ನ ಕಡೆಗೂ ತಿರುಗಿಸುತ್ತಿದ್ದಿರಿ. ಅಷ್ಟು ಸುಖ ನನಗೆ ಎರಡು ಮದುವೆಗಳಲ್ಲೂ ಸಿಕ್ಕಿರಲಿಲ್ಲ.

7. ಕಳೆದ ಗುರುವಾರ ಈ ಸುಖಕ್ಕೆ ಕಲ್ಲು ಹಾಕಿದ್ದು ಅದೇ ತೆಯೋಫಿಲೊನ ಉಪಕಾರ. ನಮ್ಮ ಬೀದಿಯ ಈ ಬದಿಗೆ ಒಂದು ಲೈನು, ಆ ಬದಿಗೆ ಇನ್ನೊಂದು ಲೈನು. ಈಚೆ ಕರೆಂಟ್ ಹೋದಾಗ ಆಚೆ ಇರುತ್ತದೆ. ಆಚೆ ಹೋದಾಗ ಈಚೆ. ಆದ್ದರಿಂದ ಆಚೆಯವರು ಕಿಟಕಿಯಿಂದ ಕಿಟಕಿಗೆ ವೈರು ಎಸೆದು ಈಚೆಯವರ ಫ್ರಿಜ್ಜನ್ನೂ, ಈಚೆಯವರು ಆಚೆಯವರ ಫ್ಯಾನನ್ನೂ ಕಾಪಾಡುವುದು ಇಲ್ಲಿ ನಡೆದುಬಂದ ಪದ್ಧತಿ. ತಿಂಗಳುಗಟ್ಟಲೆ ನನ್ನನ್ನು ಗೋಳು ಹೊಯ್ದುಕೊಂಡ ತೆಯೋಫಿಲೊಗೆ ಅಂದು ಇದ್ದಕ್ಕಿದ್ದಂತೆ ಕರುಳು ಚುರುಕ್ಕೆಂದಿತಂತೆ.

"ಪಾಪ ಕಣೋ, ದಿನಾ ಅರ್ಧಕ್ಕೆ ನಿಲ್ತಿದೆ. ತಗೋ, ನಮ್ಮನೆ ಕರೆಂಟು!" ಎಂದು ವೈರಿನ ಸುರುಳಿ ಹೆಗಲಿಗೇರಿಸಿ ಬಂದೇಬಿಟ್ಟ.

ನಾನು ಬೇಡವೆನ್ನುವ ಮೊದಲೇ ತಾವು ಎದ್ದುನಿಂತಿರಿ. "ರಸ್ತೆಗೆ ಅಡ್ಡಲಾಗಿ ವೈರು ಎಳೆಯೋದು ಕಾನೂನಿಗೆ ವಿರುದ್ಧ. ನಾನೊಬ್ಬ ಸರ್ಕಾರಿ ಅಧಿಕಾರಿ. ನನ್ನ ಮನೇಲಿ ಇದು ನಡೆಯಲ್ಲ."

"ಅಕ್ಕಾ, ಬರೀ ಒಂದು ಸಂಜೆ..."

"ಒಂದು ನಿಮಿಷವೂ ಇಲ್ಲ!"

ತಮ್ಮ ಕಾನೂನುನಿಷ್ಠೆಗೆ ನಾನು ಮನಸಾರೆ ತಲೆದೂಗಿದೆ. ಆದರೆ ಅಮ್ಮ ತೂಗುಕುರ್ಚಿಯಿಂದಲೇ, "ಬಿಡೇ, ಬಂದವನ ಮುಖ ಮುರೀಬೇಡ. ತೆಯೋಫಿಲೊ, ಆ ಕಿಟಕಿಯಿಂದ ಒಳಗೆ ಹಾಕು ಮಗಾ" ಎಂದುಬಿಟ್ಟರು. ಅಮ್ಮನ ಮಾತಿನ ಮೇಲೆ ಮಾತಿಲ್ಲ. ವೈರು ಬಂತು, ಕ್ಲೋನ್ ಓಡಿತು. ನೂರಕ್ಕೆ ಎಷ್ಟಾಯಿತೆಂಬ ಅಂಕಿ ಏರುತ್ತಾ ಹೋಯಿತು. ಹಳೆಯ ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ತಾವು ಪರದೆಯತ್ತ ನೋಡಲೇ ಇಲ್ಲ. "ಕಾಫಿ ಮಾಡ್ತೀನಿ" ಎಂದು ಒಳಗೆ ಹೋಗಿ, ಬಹಳ ಹೊತ್ತು ಪಾತ್ರೆ ಸದ್ದು ಮಾಡಿದಿರಿ.

8. ಉಲ್ಲೇಖ ಎರಡರ ಹೇಳಿಕೆ ನಡೆದದ್ದು ಈ ಹೊತ್ತಿನಲ್ಲಿ. ಅದನ್ನು ಇಲ್ಲಿ ಯಥಾವತ್ತಾಗಿ ನೀಡಲಾಗಿದೆ. ಅಮ್ಮನವರ ಮೇಲೆ ತಾವು ಶಿಸ್ತುಕ್ರಮ ಜರುಗಿಸಬಾರದಾಗಿ ಕೋರಿಕೆ.

ಅಮ್ಮ ಅಡುಗೆಮನೆ ಕಡೆ ಒಮ್ಮೆ ಕತ್ತು ಚಾಚಿ, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. "ಮಗಾ, ಈ ಹೊಸದು ಬಂದ್ಮೇಲೆ ನನ್ನ ಧಾರಾವಾಹಿ ಪೂರ್ತಿ ಇರುತ್ತಾ?"

"ಇರುತ್ತಮ್ಮಾ. ಮೊದಲೂ ಇತ್ತಲ್ಲ?"

"ಎಲ್ಲಿತ್ತು! ಒಂದು ಕಂತಿದ್ರೆ ಇನ್ನೊಂದಿಲ್ಲ! ಆ ಹುಡುಗಿ ಕಾಲುವೆಗೆ ಬಿದ್ಲು. ಮುಂದಿನ ಕಂತೇ ಇಲ್ಲ. ಅದರ ಮುಂದಿನದ್ರಲ್ಲಿ ನೋಡಿದ್ರೆ ಗಂಡನ ಪಕ್ಕ ಕೂತು ಊಟ ಮಾಡ್ತಿದ್ದಾಳೆ. ಎತ್ತಿದ್ದು ಯಾರು? ಮದುವೆ ಆಗಿದ್ದು ಯಾವಾಗ? ಯಾರಿಗೆ ಗೊತ್ತು! ನಿನ್ನ ದೆಸೆಯಿಂದ ಒಂದು ಕಥೆನೂ ನೆಟ್ಟಗೆ ನೋಡ್ಲಿಲ್ಲ ನಾನು."

"ನನ್ನ ದೆಸೆಯಿಂದ್ಲಾ?"

"ಮತ್ತಿನ್ಯಾರು? ನೀನು ಗುರುವಾರ ಬರ್ತೀಯ ಅಂದ್ರೆ ಬುಧವಾರ ಇವಳು ಕೂತ್ಕೊಂಡು ಒಂದು ಬಿಟ್ಟು ಒಂದು ಅಳಿಸ್ತಾಳೆ. ಆಮೇಲೆ ಆ ಜಾಗಕ್ಕೆ ಏನೇನೋ ತುಂಬ್ತಾಳೆ. ಯಾಕೇ ಅಂದ್ರೆ, 'ಸುಮ್ನಿರಮ್ಮಾ, ಕೆಂಪಾಗ್ಬೇಕು' ಅಂತಾಳೆ. ಕೆಂಪಂತೆ! ಐವತ್ತು ದಾಟಿದ ಹೆಣ್ಣು! ಈಗ ಕಾನೂನು ಮಾತಾಡಿದ್ಲಲ್ಲ, ಹೋದ ಬೇಸಿಗೇಲಿ ನಮ್ಮ ಫ್ರಿಜ್ ಓಡಿದ್ದು ಇದೇ ವೈರಲ್ಲಿ!"

ಮಾನ್ಯರೇ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಹಿರಿಯರು ಹೇಳುತ್ತಾರೆ. ಇಲ್ಲಿ ಇಬ್ಬರೂ ಹಾಲು ಅನ್ನವನ್ನೇ ಉಂಡು, ಕಷಾಯ ಕುಡಿದವರಂತೆ ಮುಖ ಮಾಡಿಕೊಂಡು ಕೂತಿದ್ದೆವು. ನನಗೆ ಆದ ಸಂತೋಷವನ್ನು ಬರೆಯಲು ಅರ್ಜಿಯ ಭಾಷೆಯಲ್ಲಿ ಶಬ್ದವಿಲ್ಲ. ಎದ್ದು ಅಮ್ಮನ ಹಣೆಗೆ ಮುತ್ತು ಕೊಟ್ಟೆ. "ಥೂ, ಅದು ನಂಗಲ್ಲ," ಎಂದರು ಅಮ್ಮ.

ಅಷ್ಟರಲ್ಲಿ ತಾವು ಕಾಫಿ ತಂದಿರಿ. ಪರದೆಯಲ್ಲಿ "ಕ್ಲೋನ್ ಯಶಸ್ವಿಯಾಗಿದೆ" ಎಂದು ಬಂತು.

9. ಹೊಸ ಡಿಸ್ಕ್ ಹಾಕಿ ಗುಂಡಿ ಒತ್ತಿದೆ. ತಾವು ಸಕ್ಕರೆ ಕಲಕಿ ಮುಗಿಸುವಷ್ಟರಲ್ಲಿ ಕಂಪ್ಯೂಟರ್ ಎದ್ದು ಕೂತಿತ್ತು. ಕಿಟಕಿಯಲ್ಲಿ ನಿಂತಿದ್ದ ತೆಯೋಫಿಲೊ ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ.

ಆಮೇಲಿನದು ತಮಗೆ ಗೊತ್ತು. ಆದರೂ ದಾಖಲೆ ಪೂರ್ಣವಿರಬೇಕಾದ್ದರಿಂದ ಬರೆಯುತ್ತೇನೆ. ತಾವು ನನ್ನನ್ನು ಬಾಗಿಲವರೆಗೆ ಬಿಡಲು ಬಂದಿರಿ. "ಅಂದ್ರೆ ಇನ್ನು ಡಿಫ್ರ್ಯಾಗ್..." ಎಂದಿರಿ.

"ಬೇಡ. ಇದಕ್ಕೆ ಬೇಕಾಗೋದೇ ಇಲ್ಲ. ಮಾಡಿದ್ರೆ ಅದರ ಆಯಸ್ಸು ಸವೆಯುತ್ತೆ."

"ಹಾಗಾದ್ರೆ ನೀವು ಬರೋದು?"

ಅಮ್ಮನ ಹೇಳಿಕೆ ನನ್ನ ಜೇಬಿನಲ್ಲಿತ್ತು. ಹೇಳಬೇಕಾದ ಮಾತೂ ಸಿದ್ಧವಿತ್ತು. ಆದರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಈ ಹಾಳು ನಾಲಿಗೆ, "ತಾಂತ್ರಿಕವಾಗಿ ನೋಡಿದ್ರೆ, ಅಗತ್ಯ ಇಲ್ಲ" ಎಂದಿತು.

"ತಾಂತ್ರಿಕವಾಗಿ," ಎಂದಿರಿ ತಾವು. "ಬೇರೆ ಏನಾದ್ರೂ ಹೇಳೋದಿದೆಯಾ?"

"ಇದೆ."

"ಹೇಳಿ."

ಬೀದಿಯ ಮಧ್ಯೆ ತೆಯೋಫಿಲೊ ವೈರು ಸುತ್ತುವುದನ್ನು ನಿಲ್ಲಿಸಿ, ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನ ಹಿಂದೆ ಡೊಮಿನೊ ಮೇಜಿನವರೆಲ್ಲ ಕುರ್ಚಿ ತಿರುಗಿಸಿ ಕೂತಿದ್ದರು. "ಇಲ್ಲಿ ಹೇಗೆ... ಅಂದ್ರೆ..." ಎಂದೆ.

ತಾವು ಕನ್ನಡಕದ ಮೇಲಿಂದ ನೋಡಿದಿರಿ. "ಬರವಣಿಗೆಯಲ್ಲಿ ಕೊಡಿ," ಎಂದಿರಿ. ಬಾಗಿಲು ಹಾಕಿದಿರಿ. ಬೀದಿಯಲ್ಲಿ ಎಲ್ಲರೂ ಒಟ್ಟಿಗೆ "ಅಯ್ಯೋ!" ಎಂದರು.

10. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಮೊನ್ನೆ ಶಾಲಾ ಶಿಕ್ಷಕರೊಬ್ಬರ ಕಂಪ್ಯೂಟರನ್ನು ಡಿಫ್ರ್ಯಾಗಿಗೆ ಹಚ್ಚಿ ಒಬ್ಬನೇ ಕೂತು ನೋಡಿದೆ. ಬರೀ ಗೆರೆ. ಅಮ್ಮ ಹೇಳಿದ್ದೇ ಸರಿ, ನೋಡುವಂಥದ್ದು ಅದರಲ್ಲಿ ಏನೂ ಇಲ್ಲ. ಆಗ ನನಗೆ ಹೊಳೆಯಿತು: ಇಷ್ಟು ಕಾಲ ನಾನು ಪರದೆಯನ್ನು ನೋಡಿಯೇ ಇರಲಿಲ್ಲ, ಪಕ್ಕದ ಕುರ್ಚಿಯನ್ನು ನೋಡಿದ್ದೆ. ತಮ್ಮನ್ನು ಕಾಣದೆ ಇರಲು ನನ್ನಿಂದ ಆಗುತ್ತಿಲ್ಲ. ಇದನ್ನು ಇದಕ್ಕಿಂತ ಸರ್ಕಾರಿ ರೀತಿಯಲ್ಲಿ ಹೇಳುವುದು ಹೇಗೆಂದು ತಿಳಿಯಲಿಲ್ಲ, ಕ್ಷಮಿಸಿ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನೂ ಪರಿಶೀಲಿಸಿ, ತಾವು ದಯಮಾಡಿ,

ಅ) ಸದರಿ ಗುರುವಾರದ ಭೇಟಿಗಳನ್ನು ಯಾವುದೇ ತಾಂತ್ರಿಕ ಕಾರಣವಿಲ್ಲದೆ ಮುಂದುವರಿಸಲು ಅನುಮತಿ ನೀಡಬೇಕಾಗಿಯೂ;

ಆ) ಸಾಧ್ಯವಾದಲ್ಲಿ ಉಳಿದ ವಾರಗಳಿಗೂ ಸದರಿ ಅನುಮತಿಯನ್ನು ವಿಸ್ತರಿಸಬೇಕಾಗಿಯೂ;

ಇ) ಫೆಲಿಪಾ ಅಮ್ಮನವರ ಧಾರಾವಾಹಿಗಳನ್ನು ಇನ್ನು ಮುಂದೆ ಮುಟ್ಟಬಾರದಾಗಿಯೂ, ಕೆಂಪು ಮಾಡುವ ಅಗತ್ಯ ಇನ್ನಿಲ್ಲವೆಂದು ತಿಳಿಯಬೇಕಾಗಿಯೂ;

ಈ) ತಮ್ಮ ಕಚೇರಿಯ ಪುಸ್ತಕದಲ್ಲಿ ನನ್ನ ಹೆಸರಿನ ಮುಂದಿನ ಪುಟ ಇನ್ನೂ ಖಾಲಿಯಿದ್ದಲ್ಲಿ, ಅದನ್ನು ಬೇರೆಯವರಿಗೆ ಬಳಸದಂತೆ ಕಾಯ್ದಿರಿಸಬೇಕಾಗಿಯೂ

ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ. ಇಡೀ ಊರಿನ ಮದುವೆಗಳನ್ನು ಬರೆದ ತಮಗೆ ಇಂಥ ಅರ್ಜಿಯ ವಿಲೇವಾರಿ ಕಷ್ಟವಾಗಲಾರದೆಂದು ನಂಬಿದ್ದೇನೆ. ತಿರಸ್ಕರಿಸುವುದಾದರೆ ಕಾರಣ ಬರೆಯುವುದು ಬೇಡ. ಓದಿದರೆ ಇನ್ನೂ ನೋವಾಗುತ್ತದೆ.

ಬುಧವಾರ, ಕರೆಂಟ್ ಇರುವಾಗಲೇ ಬರೆದು ಮುಗಿಸಿದ್ದು.

ತಮ್ಮ ವಿಶ್ವಾಸಿ, ಮತ್ತು ಅಷ್ಟರಲ್ಲೇ ನಿಲ್ಲಲು ಇಷ್ಟವಿಲ್ಲದ,

ಅರ್ಸೆನಿಯೊ ಮೊಂತೆಯಗುದೊ

ಲಗತ್ತುಗಳು:

1. ತಮ್ಮ ಹಳೆಯ ಡಿಸ್ಕ್. ಅಂದು ಗಾಬರಿಯಲ್ಲಿ ಜೇಬಿಗೆ ಹಾಕಿಕೊಂಡು ಬಂದಿದ್ದೆ.

2. ಫೆಲಿಪಾ ಅಮ್ಮನವರಿಗೆ ಕಾಲುವೆಗೆ ಬಿದ್ದ ಹುಡುಗಿಯ ಧಾರಾವಾಹಿ, ಮೊದಲಿನಿಂದ ಕೊನೆಯವರೆಗೆ, ಎಲ್ಲ ಕಂತುಗಳೂ. ಎತ್ತಿದ್ದು ಅಂಬಿಗ.

3. ಅರ್ಜಿದಾರನು ಸದ್ಯ ಯಾರ ಗಂಡನೂ ಅಲ್ಲವೆಂಬ ದೃಢೀಕರಣ ಪತ್ರ, ನಿನ್ನೆ ತಮ್ಮ ಕಚೇರಿಯ ಕಿಟಕಿಯಲ್ಲೇ ಪಡೆದದ್ದು. ಕೆಳಗೆ ತಮ್ಮ ಸಹಿಯಿದೆ. ಸಹಿ ಹಾಕುವಾಗ ತಾವು ತಲೆಯೆತ್ತಲಿಲ್ಲ, ಆದರೆ ಅಕ್ಷರ ಎಂದಿನಷ್ಟು ನೆಟ್ಟಗಿಲ್ಲ.

ವಿ.ಸೂ.: ಉತ್ತರವನ್ನು ಅಂಚೆಯಲ್ಲಿ ಕಳಿಸುವ ಶ್ರಮ ಬೇಡ. ತಮ್ಮ ಕಚೇರಿಯ ಮುಂದೆ ಜನ ಬಂದವರೇ "ಕೊನೆಯವರು ಯಾರು?" ಎಂದು ಕೇಳಿ, ಕೈಯೆತ್ತಿದವರ ಹಿಂದೆ ತಂತಮ್ಮ ಸರದಿ ಗುರುತು ಮಾಡಿಕೊಳ್ಳುವಂತೆ, ನಾಳೆ ಸಂಜೆ ನಾನು ತಮ್ಮ ಬಾಗಿಲಿಗೆ ಬಂದು ಅದನ್ನೇ ಕೇಳುತ್ತೇನೆ. ಸಾಲಿನಲ್ಲಿ ಬೇರೆ ಯಾರಾದರೂ ಇದ್ದರೆ ಅವರ ಹಿಂದೆ ನಿಲ್ಲುತ್ತೇನೆ. ಕಾಯುವುದು ನನಗೆ ಅಭ್ಯಾಸ. ಯಾರೂ ಇಲ್ಲದಿದ್ದರೆ, ಕಿಟಕಿ ಮುಚ್ಚುವ ಹೊತ್ತಿಗೆ ತಾವು ಹೇಳುತ್ತೀರಲ್ಲ, ಹಾಗೆ ಹೇಳಿಬಿಡಿ: ಇವರ ಹಿಂದೆ ಇನ್ನು ಯಾರೂ ನಿಲ್ಲಬೇಡಿ ಎಂದು.